ದಿವಾಣಜಿ ಎಲ್ಲಿ ಕುಳಿತರು

ಕೇಳಿದರೆ ಕೊಟ್ಟೇ ಕೊಡುತ್ತಾರೆ, ತೊಂದರೆ ಇರುವುದು ಅಲ್ಲೇ. ಕೊಡದಿದ್ದರೆ ಬೇಜಾರು ಮಾಡಿಕೊಂಡು ಸುಮ್ಮನಿರಬಹುದು. ಕೊಟ್ಟುಬಿಟ್ಟರೆ ಅದರ ಮೇಲೆ ಕೂರಬೇಕು. ಕೂತರೆ ನೋಡುತ್ತಾರೆ, ನೋಡಿದರೆ ಯಾಕೆ ಎನ್ನುತ್ತಾರೆ. ಹಾಗಾದರೆ ಕೇಳುವುದೇ ಬೇಡವೇ? ಕೇಳದಿದ್ದರೆ ಗಾದಿಯ ಮೇಲೆ ಕೂರಬೇಕು. ಕೂತ ಮೇಲೆ ಏಳಬೇಕು. ಎದ್ದೇನೆ?

ಮಿರಜದಿಂದ ಸಾಂಗಲಿಗೆ ಹೋಗುವ ಬಸ್ಸಿನಲ್ಲಿ ಅರ್ಧ ಸೀಟುಗಳು ಖಾಲಿ ಇದ್ದವು. ಜ್ಯೋತೆಪ್ಪ ಮಾತ್ರ ಮೇಲಿನ ಕಂಬಿ ಹಿಡಿದು, ನೆಟ್ಟ ಗೂಟದ ಹಾಗೆ ನಿಂತು ಇದನ್ನೇ ಯೋಚಿಸುತ್ತಿದ್ದ.

"ಬಸಾ ಕೀ ಕಾಕಾ" ಎಂದ ಕಂಡಕ್ಟರ್, ಖಾಲಿ ಸೀಟು ತೋರಿಸಿ.

"ಇರ್ಲಿ ಬಿಡ್ರಿ. ಇಲ್ಲೇ ಇಳಿಯೋದದ."

"ಸಾಂಗಲಿ ತಿಕೀಟ ತಗೊಂಡೀರಿ, ಇಲ್ಲೇ ಅಂತೀರಿ."

ಜ್ಯೋತೆಪ್ಪ ಕಂಬಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದ. ಸೀಟು ಖಾಲಿ ಇದ್ದೂ ನಿಲ್ಲುವ ಮನುಷ್ಯನ ಮೇಲೆ ಯಾವ ಕಂಡಕ್ಟರನಿಗೂ ನಂಬಿಕೆ ಇರುವುದಿಲ್ಲ. ಜ್ಯೋತೆಪ್ಪ ಇಳಿಯುವವರೆಗೂ ಕಂಡಕ್ಟರ್ ಇವನ ಕೈಚೀಲದ ಮೇಲೆ ಒಂದು ಕಣ್ಣಿಟ್ಟೇ ಇದ್ದ.

ಜ್ಯೋತೆಪ್ಪನಿಗೆ ಮಿರಜದ ಒಂದು ಆಸ್ಪತ್ರೆಯಲ್ಲಿ ಬೆನ್ನಿನ ಆಪರೇಷನ್ ಆಗಿ ಒಂದೂವರೆ ತಿಂಗಳಾಗಿತ್ತು. ಬಿಡುವಾಗ ಡಾಕ್ಟರರು ಸ್ಪಷ್ಟವಾಗಿ ಹೇಳಿದ್ದರು: ನೆಲದ ಮೇಲೆ ಕೂರಬಾರದು, ಮೆತ್ತನೆಯದರ ಮೇಲಂತೂ ಕೂರಲೇಬಾರದು, ಬಗ್ಗಬಾರದು. ಗಟ್ಟಿಯಾದ ಎತ್ತರದ ಕುರ್ಚಿ ಇರಬೇಕು, ಬೆನ್ನು ನೆಟ್ಟಗಿರಬೇಕು. ಕೊನೆಗೆ, "ಏನ ಕೆಲಸ ಮಾಡ್ತೀರಿ?" ಎಂದು ಕೇಳಿದ್ದರು.

"ಅರಿಶಿಣದ ಪೇಢಿಯೊಳಗ ದಿವಾಣಜಿ ಇದೇನ್ರಿ."

ಡಾಕ್ಟರರು ಪೆನ್ನಿನ ಟೊಪ್ಪಿಗೆ ಮುಚ್ಚಿ, ಕಿಟಕಿಯ ಹೊರಗೆ ನೋಡಿದರು. ಅವರೂ ಈ ಕಡೆಯವರೇ.

ಪೇಢಿ ಎಂದರೆ ಅಂಗಡಿಯೂ ಹೌದು, ಕಚೇರಿಯೂ ಹೌದು. ಅಲ್ಲಿ ಸಾವಕಾರರು, ಲೆಕ್ಕವನ್ನೂ ಖರೀದಿಯನ್ನೂ ನೋಡುವ ದಿವಾಣಜಿ, ತೂಕದವನು ಎಲ್ಲರೂ ಬಿಳಿ ಹಾಸಿನ ಗಾದಿಯ ಮೇಲೆ ಚಕ್ಕಳಮಕ್ಕಳ ಹಾಕಿ, ಲೋಡುದಿಂಬಿಗೆ ಒರಗಿ ಕೂರುತ್ತಾರೆ. ಗಾದಿಯ ಮೇಲೆ ಕೂತವನು ಮನೆಯವನು. ಪೇಢಿಯಲ್ಲಿ ಒಂದು ಕುರ್ಚಿಯೂ ಇರುತ್ತದೆ. ಅದು ತೆರಿಗೆ ಕಚೇರಿಯವರಿಗೆ, ವಿಮೆ ಮಾಡಿಸಲು ಬಂದವನಿಗೆ, ಬೀಗರ ಪೈಕಿ ಬಿಗಿ ಪ್ಯಾಂಟು ಹಾಕಿಕೊಂಡು ಬಂದವರಿಗೆ. ಅವರು ಕೂತು, ಚಹಾ ಕುಡಿದು, ಎದ್ದು ಹೋಗುತ್ತಾರೆ. ಕುರ್ಚಿಯ ಮೇಲೆ ಕೂತವನು ಎದ್ದು ಹೋಗುವವನು.

ಅದೂ ಇಂಥ ದಿನ. ಮಿರಜದ ಗುರುಬಸಪ್ಪ ಸಾವಕಾರರ ಪೇಢಿಯೂ ಸಾಂಗಲಿಯ ಅವರ ತಂಗಿಯ ಗಂಡ ರೇವಪ್ಪ ಸಾವಕಾರರ ಪೇಢಿಯೂ ಇವತ್ತಿನಿಂದ ಒಂದೇ ಪೇಢಿ. ಇಬ್ಬರ ಗೋದಾಮಿನಲ್ಲೂ ಹೋದ ವರ್ಷದ ಅರಿಶಿಣ ಹಾಗೇ ಕೂತಿತ್ತು. ಬೇರೆಬೇರೆ ಮುಳುಗುವ ಬದಲು ಕೂಡಿ ತೇಲೋಣ ಎಂದು ಇಬ್ಬರೂ ಮನಸ್ಸು ಮಾಡಿದ್ದರು. ಎರಡು ಪೇಢಿ ಒಂದಾದರೆ ಎರಡು ತಕ್ಕಡಿಯಲ್ಲಿ ಒಂದು ಸಾಕು, ಎರಡು ಟೆಲಿಫೋನಿನಲ್ಲಿ ಒಂದು ಸಾಕು. ದಿವಾಣಜಿಗಳೂ ಇಬ್ಬರಿದ್ದರು. ಮಿರಜದ ಜ್ಯೋತೆಪ್ಪ, ಸಾಂಗಲಿಯ ಬಾಳಪ್ಪ.

ಅದಕ್ಕೇ ಜ್ಯೋತೆಪ್ಪ ಬೆನ್ನಿನ ವಿಷಯ ಮುಚ್ಚಿಟ್ಟಿದ್ದ. ಮೂತ್ರಪಿಂಡದಲ್ಲಿ ಖಡಾ ಆಗಿತ್ತು, ಆ ಕಲ್ಲು ತೆಗೆಸಿಕೊಂಡೆ ಎಂದು ಹೇಳಿ ಕಳಿಸಿದ್ದ. ಕಲ್ಲು ತೆಗೆದರೆ ಮನುಷ್ಯ ಹಗುರಾಗುತ್ತಾನೆ, ಬೆನ್ನು ಕೊಯ್ದರೆ ಕೆಲಸಕ್ಕೆ ಬಾರದವನಾಗುತ್ತಾನೆ. ಅರಿಶಿಣದ ಬಜಾರಿನ ತಿಳಿವಳಿಕೆ ಅಷ್ಟೇ.

"ಒಂದ ಕುರ್ಚಿ ಕೇಳಾಕ ಏನ ಧಾಡಿ ನಿಮಗ?" ಎಂದಿದ್ದಳು ಹೆಂಡತಿ ಅಲಕಾ, ಅಂಗಿಯ ಒಳಗೆ ಅಗಲವಾದ ಬೆಲ್ಟು ಬಿಗಿಯುತ್ತ. "ಸಿಂಹಾಸನ ಕೇಳಾಕ ಹತ್ತೀರೇನ?"

"ನಿನಗ ಪೇಢಿ ತಿಳಿಯಂಗಿಲ್ಲ."

"ನಿಮಗ ಬೆನ್ನ ತಿಳಿಯಂಗಿಲ್ಲ" ಎಂದು ಅವಳು ಬೆಲ್ಟನ್ನು ಇನ್ನೊಂದು ಸುತ್ತು ಎಳೆದಿದ್ದಳು.

ಒಂದಾದ ಪೇಢಿ ಇನ್ನು ಸಾಂಗಲಿಯಲ್ಲೇ, ಅದರ ಮೇಲೆ ಹೊಸ ಬೋರ್ಡು ಬಂದಿತ್ತು. ಯಾರ ಹೆಸರು ಮೊದಲು ಎಂಬುದು ತೀರ್ಮಾನವಾಗದೆ, ಬೀದಿಯ ಈ ಕಡೆಯಿಂದ ಬಂದವರಿಗೆ 'ಗುರುಬಸಪ್ಪ ರೇವಪ್ಪ' ಎಂದೂ ಆ ಕಡೆಯಿಂದ ಬಂದವರಿಗೆ 'ರೇವಪ್ಪ ಗುರುಬಸಪ್ಪ' ಎಂದೂ ಕಾಣುವಂತೆ ಎರಡು ಮಗ್ಗುಲಿಗೂ ಬರೆಸಿದ್ದರು. ಒಳಗೆ ಲಕ್ಷ್ಮೀಪೂಜೆ ಮುಗಿದು, ಎಲ್ಲರೂ ಸಾವಕಾರರ ಕಾಲು ಮುಟ್ಟಿ ನಮಸ್ಕಾರ ಮಾಡುತ್ತಿದ್ದರು. ಬಾಳಪ್ಪನ ಸರದಿ ಬಂದಾಗ ಅವನು ಕರ್ಪೂರದ ತಟ್ಟೆ ಹಿಡಿದು ಒಳಗೂ ಹೊರಗೂ ಓಡಾಡುತ್ತಿದ್ದ. ಭಾರೀ ಹುರುಪಿನ ಮನುಷ್ಯ ಎಂದುಕೊಂಡ ಜ್ಯೋತೆಪ್ಪ. ಅಷ್ಟರಲ್ಲಿ ಅವನದೇ ಸರದಿ ಬಂತು.

ರೇವಪ್ಪ ಸಾವಕಾರರು ಆಶೀರ್ವಾದಕ್ಕೆ ಅನುಕೂಲವಾಗಲೆಂದು ಬಲಗಾಲನ್ನು ಒಂದಿಷ್ಟು ಮುಂದೆ ಸರಿಸಿದ್ದರು. ಜ್ಯೋತೆಪ್ಪ ಅವರೆದುರು ನೆಟ್ಟಗೆ ನಿಂತು ಕೈಮುಗಿದ. ನೆಟ್ಟಗೇ ಉಳಿದ. ಮುಂದೆ ಬಂದಿದ್ದ ಕಾಲು ಸ್ವಲ್ಪ ಹೊತ್ತು ಕಾದು, ಚಪ್ಪಲಿ ಹುಡುಕುವ ನೆಪದಲ್ಲಿ ಹಿಂದೆ ಹೋಯಿತು.

"ಮಿರಜದ ದಿವಾಣಜಿ ಭಾಳ ತಾಠ ಕಾಣಸ್ತಾನ, ಸೊಕ್ಕಿನವ" ಎಂದರು ರೇವಪ್ಪ, ಹೆಂಡತಿ ನೀಲಾಬಾಯಿಗೆ ಮಾತ್ರ ಕೇಳಬೇಕಾದ ದನಿಯಲ್ಲಿ. ಅದು ಹಮಾಲರಿಗೂ ಕೇಳಿಸಿತು.

ಗುರುಬಸಪ್ಪ ಸಾವಕಾರರಿಗೆ ಒಳಗೊಳಗೇ ಹಿಗ್ಗು. ತನ್ನ ಮನುಷ್ಯ ತಂಗಿಯ ಗಂಡನಿಗೆ ಬಾಗಲಿಲ್ಲ. ಹಿಗ್ಗಿನಲ್ಲೇ ಅವರು ತಮ್ಮ ಕಾಲು ಮುಂದಿಟ್ಟರು. ಜ್ಯೋತೆಪ್ಪ ಅವರ ಮುಂದೆಯೂ ಗೂಟದ ಹಾಗೆಯೇ ನಿಂತು ಕೈಮುಗಿದ. ಆ ಹಿಗ್ಗು ಅಲ್ಲೇ ಮುಗಿಯಿತು.

"ಖಡಾದ ಆಪರೇಷನ್ ಆಗಿದ್ದಕ್ಕ ಇಷ್ಟ ಬದಲಾಗ್ತಾರೇನ?" ಎಂದು ಅವರು ಯಾರನ್ನೂ ಉದ್ದೇಶಿಸದೆ ಕೇಳಿದರು.

ಖಡಾ ಎಂಬ ಮಾತು ನೀಲಾಬಾಯಿಯ ಕಿವಿಗೆ ಬಿತ್ತು. ಅವರು ಪೇಢಿಯ ಹಿಂದಿನ ಅಡುಗೆಮನೆಯ ಕಡೆ ತಿರುಗಿ, ಕ್ಷಣಾರ್ಧದಲ್ಲಿ ದೊಡ್ಡ ಲೋಟದ ತುಂಬ ಹುರುಳಿಕಟ್ಟು ತಂದರು. "ಕುಡೀರಿ ಜ್ಯೋತೆಪ್ಪಣ್ಣ. ನಮ್ಮ ಮಾವನ್ನೋರ ಕಲ್ಲ ಇದರಾಗ ಕರಗಿದ್ದು. ಉಳದಿದ್ದ ಪುಡೀನೂ ಹೋಗ್ತದ."

"ಬ್ಯಾಡ್ರಿ ಅಕ್ಕಾರ."

"ನಾಚಬ್ಯಾಡ್ರಿ. ಇದರ ಮ್ಯಾಲ ಒಂದ ತಂಬಿಗೆ ನೀರ ಕುಡೀಬೇಕು."

ಜ್ಯೋತೆಪ್ಪ ನಿಂತೇ ಕುಡಿದ. ಇಲ್ಲದ ಕಲ್ಲು ಕರಗತೊಡಗಿತು.

ಆಮೇಲೆ ಗಾದಿ. ಅದನ್ನು ಅವನು ಆಗ ಸರಿಯಾಗಿ ನೋಡಿದ. ಯಾರ ಪೇಢಿಯ ಗಾದಿ ಹಾಸಬೇಕು ಎಂಬ ಜಗಳ ಎರಡು ವಾರ ನಡೆದು, ಕೊನೆಗೆ ಎರಡನ್ನೂ ಸೇರಿಸಿ ಹೊಲಿಸಿ ಮೇಲೊಂದೇ ಬಿಳಿ ಹಾಸು ಹೊದಿಸಿದ್ದರು. ಮಿರಜದ ಗಾದಿ ಅಜ್ಜನ ಕಾಲದ್ದು, ಚಪ್ಪಟೆಯಾಗಿ ರೊಟ್ಟಿಯಂತಾಗಿತ್ತು. ಸಾಂಗಲಿಯದು ಹೊಸ ಹತ್ತಿ ತುಂಬಿ ಉಬ್ಬಿದ ಪುರಿ. ಎರಡು ಸೇರಿದಲ್ಲಿ, ಹಾಸಿನ ಕೆಳಗೆ, ಒಂದು ಇಳಿಜಾರು. ಒಂದು ತುದಿಯಲ್ಲಿ ಒಬ್ಬ ಸಾವಕಾರರು, ಇನ್ನೊಂದು ತುದಿಯಲ್ಲಿ ಇನ್ನೊಬ್ಬರು. ನಡುವೆ, ಸರಿಯಾಗಿ ಆ ಇಳಿಜಾರಿನ ಮೇಲೆ, ದಿವಾಣಜಿಯ ಜಾಗ.

"ಬರ್ರಿ ಜ್ಯೋತೆಪ್ಪಣ್ಣ, ಕುಂದ್ರಿ" ಎಂದ ಬಾಳಪ್ಪ, ಆ ಜಾಗದ ಪಕ್ಕದಲ್ಲಿ ನಿಂತು.

"ನೀವ ಕುಂದ್ರಿ ಬಾಳಪ್ಪ. ನಿಮ್ಮ ಊರು."

"ಛೇ. ನೀವ ಹಿರೇರು. ನೀವ ಮೊದಲ."

"ಇಲ್ಲಿಲ್ಲ, ನೀವ."

ಇಬ್ಬರೂ ಹೀಗೆ ಒಬ್ಬರನ್ನೊಬ್ಬರು ಗಾದಿಗೆ ತಳ್ಳುತ್ತ ನಿಂತರು. ನನ್ನ ಬಾಯಿಂದಲೇ ಕೂರಲಾರೆ ಎನ್ನಿಸಬೇಕೆಂದು ಇವನ ಹೂಟ ಎಂದು ಜ್ಯೋತೆಪ್ಪ ಲೆಕ್ಕ ಹಾಕಿದ. ಸಾವಕಾರರಿಬ್ಬರೂ ನೋಡುತ್ತಿದ್ದರು. ಇನ್ನು ತಡ ಮಾಡಿದರೆ ಕೆಲಸ ಹೋಗುತ್ತದೆ. ಅವನು ಉಸಿರು ಹಿಡಿದು ಮೊಣಕಾಲು ಮಡಚತೊಡಗಿದ. ಅರ್ಧಕ್ಕೆ ಬಂದಾಗ ಬೆನ್ನಿನ ಕೆಳಗಿಂದ ಒಂದು ಕಾದ ತಂತಿ ಹಿಮ್ಮಡಿಯವರೆಗೆ ಓಡಿತು. ಕೆಳಗೂ ಹೋಗಲಾರ, ಮೇಲೂ ಬರಲಾರ. ಕೂರಲೆಂದು ಹೊರಟು ಮನಸ್ಸು ಬದಲಿಸಿದ ಒಂಟೆಯ ಹಾಗೆ ಅವನು ನಡುವೆಯೇ ನಿಂತ.

"ಏನಾತು?" ಎಂದರು ಗುರುಬಸಪ್ಪ.

"ಸೌದಾ ಚಾಲೂ ಆಗಿರಬೇಕ್ರಿ" ಎಂದ ಜ್ಯೋತೆಪ್ಪ, ಬಾಳಪ್ಪನ ಭುಜ ಹಿಡಿದು ಮೇಲೆದ್ದು. "ಒಂದ ಸಲ ಯಾರ್ಡ ನೋಡಿ ಬರ್ತೇನಿ." ಬಾಳಪ್ಪ ಅವನ ಭಾರಕ್ಕೆ ಹಾಯ್ ಎಂದದ್ದು ಕೇಳಿಸಿತು. ತಿರುಗಿ ನೋಡುವ ವ್ಯವಧಾನ ಅವನಿಗಿರಲಿಲ್ಲ.

ಮಾರ್ಕೆಟ್ ಯಾರ್ಡಿನ ತುಂಬ ಅರಿಶಿಣದ ವಾಸನೆ. ಜ್ಯೋತೆಪ್ಪನಿಗೆ ಬೇಕಾದದ್ದು ಅರಿಶಿಣವಲ್ಲ, ಒಂದು ಆಸನ. ಅಂಗಡಿಗಳ ಮೆಟ್ಟಿಲು ತೀರಾ ತಗ್ಗು. ಹಮಾಲರ ಕೈಗಾಡಿ ಮುಟ್ಟಿದರೆ ಉರುಳುತ್ತಿತ್ತು. ಗೇಟಿನ ಹತ್ತಿರ ಕ್ಷೌರದಂಗಡಿಯ ಕುರ್ಚಿ ಕಂಡಾಗ ಅವನ ಕಣ್ಣು ತುಂಬಿ ಬಂತು. ಎತ್ತರ, ಗಟ್ಟಿ, ಹಿಂದೆ ಒರಗು. ಹೋಗಿ ಕೂತ. ಅಂಗಡಿಯವನು ಗಲ್ಲ ಸವರಿ ನೋಡಿ, "ಮುಂಜಾನೆನ ಮಾಡಿಸಿದಂಗ ಅದ ಅಲ್ರಿ" ಎಂದ.

"ಇನ್ನೊಮ್ಮೆ ಮಾಡ್ರಿ. ಸಾವಕಾಶ."

ಎಷ್ಟು ಸಾವಕಾಶ ಮಾಡಿದರೂ ಇಲ್ಲದ ಗಡ್ಡ ಬೇಗ ಮುಗಿಯಿತು. ಹಿಂದೆ ಮೂರು ಜನ ಕಾಯುತ್ತಿದ್ದರು. ಒಬ್ಬ, "ಮೀಸೀನೂ ತಗಸ್ತಾರೇನ ನೋಡ್ರಿ" ಎಂದ. ಜ್ಯೋತೆಪ್ಪ ಮೀಸೆ ಉಳಿಸಿಕೊಂಡು ಎದ್ದ.

ಆಮೇಲೆ ಸಿಕ್ಕಿತು. ಒಂದು ಅಂಗಡಿಯ ಮುಂದಿನ ಕಟ್ಟೆಯ ಮೇಲೆ ಕಂಬಕ್ಕೆ ಒತ್ತಿ ಯಾರೋ ರೈತ ಇಳಿಸಿದ ಅರಿಶಿಣದ ಚೀಲಗಳು. ಎರಡರ ಮೇಲೊಂದು. ಗಟ್ಟಿ ಕೊಂಬಿನ ಅರಿಶಿಣ, ಕಲ್ಲಿನಂತೆ ಒತ್ತಿ ತುಂಬಿದ್ದು. ಎತ್ತರ ಅಳೆದು ಇಟ್ಟಂತಿತ್ತು, ಹಿಂದೆ ಕಂಬ. ಜ್ಯೋತೆಪ್ಪ ಕೂತ, ಬೆನ್ನನ್ನು ಕಂಬಕ್ಕೆ ಕೊಟ್ಟ, ಕಣ್ಣು ಮುಚ್ಚಿದ. ಒಂದೂವರೆ ತಿಂಗಳಲ್ಲಿ ಮೊದಲ ಸಲ ತನಗೊಂದು ಬೆನ್ನಿದೆ ಎಂಬುದು ಅವನಿಗೆ ಮರೆತುಹೋಯಿತು.

ಅವನು ಇನ್ನೊಂದನ್ನೂ ಮರೆತಿದ್ದ. ಆ ಯಾರ್ಡಿನಲ್ಲಿ ಸುಸ್ತಾದವರು ಮೆಟ್ಟಿಲ ಮೇಲೆ ಕೂರುತ್ತಾರೆ, ಕೂಗಾಡುವವರು ನಿಂತಿರುತ್ತಾರೆ. ಪರರ ಮಾಲಿನ ಮೇಲೆ ಕೂರುವವನು ಒಬ್ಬನೇ: ಅದನ್ನು ಖರೀದಿಸಿದ ಪೇಢಿಯ ಮನುಷ್ಯ. ಮಾತು ಮುಗಿದಿದೆ, ಇನ್ನು ಯಾರೂ ಬೆಲೆ ಕೂಗಬೇಡಿ ಎಂದು ಅದರ ಅರ್ಥ. ಇಪ್ಪತ್ತು ವರ್ಷ ಹಾಗೆ ಎಷ್ಟೋ ಚೀಲಗಳ ಮೇಲೆ ಕೂತವನು ಇವತ್ತು ಬರೀ ಕೂತಿದ್ದ.

ಮೊದಲು ಬಂದವನು ಎದುರಿನ ಪೇಢಿಯಲ್ಲಿ ಕೆಲಸಕ್ಕಿದ್ದ ಮಾಯಪ್ಪ. "ಏನ್ರಿ ಜ್ಯೋತೆಪ್ಪ, ಈ ಮಾಲ ನಿಮಗಾತೇನ? ಎಷ್ಟಕ್ಕ?"

ಜ್ಯೋತೆಪ್ಪ ಕಣ್ಣು ತೆರೆದ. ಇಲ್ಲ ಎಂದರೆ ಏಳಬೇಕು. ಹೌದು ಎಂದರೆ ಸುಳ್ಳು. ಅವನು ಮತ್ತೆ ಕಣ್ಣು ಮುಚ್ಚಿದ.

ಮಾಯಪ್ಪ ಈ ಮೌನವನ್ನು ತೆಗೆದುಕೊಂಡು ಹೋಗಿ ಇನ್ನಿಬ್ಬರಿಗೆ ಕೊಟ್ಟ. ಅವರೂ ಬಂದು ನೋಡಿದರು. ಎರಡು ಗೋದಾಮು ತುಂಬ ಹಳೇ ಮಾಲು ಇಟ್ಟುಕೊಂಡ ಪೇಢಿ, ಒಂದಾದ ಮೊದಲ ದಿನವೇ ಹೊಸ ಮಾಲಿನ ಮೇಲೆ ಮನುಷ್ಯನನ್ನು ಕೂರಿಸಿದೆ. ಅವನೋ ಬೆನ್ನು ಸೆಟೆದು, ಎರಡು ಸಲ ಕ್ಷೌರ ಮಾಡಿಸಿಕೊಂಡು, ಯಾರಿಗೂ ಉತ್ತರ ಕೊಡುತ್ತಿಲ್ಲ. ಏನೋ ಗೊತ್ತಾಗಿದೆ ಇವರಿಗೆ. ಅರಿಶಿಣದ ದರ ಏರುತ್ತದೆ.

ಆಗ ಮಾಲಿನ ಯಜಮಾನ ಬಂದ. ಬೇಡಗ ಎಂಬ ಹಳ್ಳಿಯ ಕಾಡಸಿದ್ದಪ್ಪ, ವಯಸ್ಸಾದ ರೈತ. ಚಹಾ ಕುಡಿದು ಬಂದವನು ತನ್ನ ಚೀಲದ ಮೇಲಿನ ಮನುಷ್ಯನನ್ನು ನೋಡಿ, ಮುಖವೆಲ್ಲ ಅರಳಿಸಿ, "ಶರಣ್ರೀ ಸಾವ್ಕಾರ" ಎಂದ.

ಹುರುಳಿಕಟ್ಟು ಮತ್ತು ಒಂದು ತಂಬಿಗೆ ನೀರು ಕೆಲಸ ಶುರು ಮಾಡಿ ಆಗಲೇ ಹೊತ್ತಾಗಿತ್ತು. ಜ್ಯೋತೆಪ್ಪ ಏಳಲೇಬೇಕಿತ್ತು, ಒಬ್ಬನೇ ಏಳುವಂತಿರಲಿಲ್ಲ. "ಕಾಕಾ, ಸ್ವಲ್ಪ ಕೈ ಕೊಡ್ರಿ" ಎಂದು ಅವನು ಬಲಗೈ ಚಾಚಿದ.

ಸರಕಾರ ಬಹಿರಂಗ ಹರಾಜು ತಂದು ಎಷ್ಟೋ ವರ್ಷವಾಗಿತ್ತು. ಆದರೂ ಟವೆಲ್ಲಿನ ಕೆಳಗೆ ಬೆರಳು ಹಿಡಿದು ಗುಟ್ಟಾಗಿ ಹೇಳಿದ ಬೆಲೆಯನ್ನಷ್ಟೇ ಕಾಡಸಿದ್ದಪ್ಪನ ಕಾಲದವರು ಬೆಲೆ ಎನ್ನುತ್ತಿದ್ದರು. ಖರೀದಿದಾರ ಕೈ ಚಾಚಿದನೆಂದರೆ ಮುದುಕನಿಗೆ ಮತ್ತೇನು ತಿಳಿಯಬೇಕು. ಹೆಗಲ ಮೇಲಿನ ಟವೆಲ್ಲು ತೆಗೆದು ಎರಡೂ ಕೈಗಳ ಮೇಲೆ ಹೊದಿಸಿದ. ಅದೇ ಗಳಿಗೆಗೆ ಜ್ಯೋತೆಪ್ಪ ಏಳಲು ಹೋದ, ಬೆನ್ನು ಹಿಡಿಯಿತು. ಕೈಗೆ ಸಿಕ್ಕ ಐದೂ ಬೆರಳುಗಳನ್ನು ಒಟ್ಟಿಗೆ, ನೆಟಿಗೆ ಮುರಿಯುವಂತೆ ಹಿಡಿದ.

ಐದು ಬೆರಳು ಎಂದರೆ ನಡೆಯುತ್ತಿದ್ದ ದರದ ಮೇಲೆ ಕ್ವಿಂಟಲಿಗೆ ಐದು ನೂರು. ಅಂಥ ಬೆಲೆಯನ್ನು ಆ ವರ್ಷ ಯಾರೂ ಕೇಳಿರಲಿಲ್ಲ.

ಕಾಡಸಿದ್ದಪ್ಪನ ಕಣ್ಣಲ್ಲಿ ನೀರು ಬಂತು. ಅರ್ಧ ನೋವಿಗೆ, ಅರ್ಧ ಸಂತೋಷಕ್ಕೆ. "ಆತ್ರಿ. ಐದ ಬೆರಳಿಗೆ ಆತ್ರಿ ಸಾವ್ಕಾರ. ಬಿಡ್ರಿ ಇನ್ನ ಕೈ" ಎಂದ.

ಜ್ಯೋತೆಪ್ಪ ಟವೆಲ್ಲನ್ನು ನೋಡಿದ. ಆಗ ತಿಳಿಯಿತು. "ಕಾಕಾ, ನಾ ಏಳಾಕ..." ಎಂದು ಶುರುಮಾಡಿದ. ಸುತ್ತ ನಿಂತವರ ಕಿವಿಗಳೆಲ್ಲ ತನ್ನ ಕಡೆ ತಿರುಗಿದ್ದು ಕಂಡು ಬಾಯಿ ತಾನೇ ಮುಚ್ಚಿಕೊಂಡಿತು.

ಅವನು ಮೂತ್ರಾಲಯಕ್ಕೆ ಹೋಗಿ ಪೇಢಿ ಮುಟ್ಟುವಷ್ಟರಲ್ಲಿ ಸುದ್ದಿ ಅವನಿಗಿಂತ ಮೊದಲೇ ಬಂದು ಗಾದಿಯ ಮೇಲೆ ಕೂತಿತ್ತು. ಸಾವಕಾರರಿಬ್ಬರೂ ಲೋಡು ಬಿಟ್ಟು ಮುಂದಕ್ಕೆ ಬಾಗಿದ್ದರು. ಪೇಢಿ ಒಂದಾದ ಮೇಲೆ ಮೊದಲ ಸಲ ಇಬ್ಬರ ಮುಖವೂ ಒಂದೇ ಥರ ಇತ್ತು.

"ಯಾರನ್ನ ಕೇಳಿ ಕುಂತಿ ಆ ಮಾಲಿನ ಮ್ಯಾಲ?" ಎಂದರು ಗುರುಬಸಪ್ಪ.

"ಐದ ಬೆರಳು" ಎಂದರು ರೇವಪ್ಪ. "ಎರಡ ಗೋದಾಮ ತುಂಬಿ ಬಿದ್ದಾವ. ಅದರ ಮ್ಯಾಲ ಐದ ಬೆರಳು. ನಿನ್ನ ಮನಸಿನ್ಯಾಗ ಏನ ಅದ ಹೇಳ."

ಕೆಲಸ ಹೋಗಿಯೇ ಹೋಯಿತು. ಹಾಗಿದ್ದ ಮೇಲೆ ಬೆನ್ನನ್ನು ಮುಚ್ಚಿಟ್ಟು ಏನು ಉಪಯೋಗ? ಜ್ಯೋತೆಪ್ಪ ಅಂಗಿಯ ಕೆಳಗಿನ ಗುಂಡಿಗೆ ಕೈ ಹಾಕಿದ. ಬೆಲ್ಟು ತೋರಿಸಿ, ಎಲ್ಲ ಹೇಳಿ, ಮಿರಜದ ಬಸ್ಸು ಹತ್ತುವುದು. ನಿಂತುಕೊಂಡೇ ಹೋಗುವುದು.

ರೇವಪ್ಪ ಸಾವಕಾರರ ಜೇಬಿನಲ್ಲಿ ಮೊಬೈಲು ರಿಂಗಾಯಿತು. ಆಗಿನ್ನೂ ಮೊಬೈಲು ಸಾವಕಾರರ ಜೇಬಿಗೆ ಮಾತ್ರ ಬಂದ ಕಾಲ. ಅವರು ಕೇಳಿದರು, ಹುಬ್ಬು ಏರಿಸಿದರು, ಕೈ ಅಡ್ಡ ಹಿಡಿದು ಗುರುಬಸಪ್ಪನವರಿಗೆ, "ಮಾಯಪ್ಪನ ಸಾವ್ಕಾರ. ಹಳೇ ಮಾಲ ಅದ ಏನಂತಾನ" ಎಂದರು. ಅಷ್ಟರಲ್ಲಿ ಪೇಢಿಯ ಟೆಲಿಫೋನೂ ರಿಂಗಾಯಿತು. ಅದಕ್ಕೂ ಹಳೇ ಮಾಲೇ ಬೇಕಿತ್ತು. ಯಾರ್ಡಿನಲ್ಲಿ ಎಲ್ಲರೂ ಎಲ್ಲರಿಗಿಂತ ಮೊದಲು ಕೊಳ್ಳಲು ಓಡಾಡುತ್ತಿದ್ದರು.

ಸಂಜೆಯಾಗುವ ಮೊದಲೇ ಎರಡೂ ಗೋದಾಮುಗಳು ಖಾಲಿಯಾದವು. ಮಿರಜದ್ದು, ಸಾಂಗಲಿಯದ್ದು, ಇಲಿ ಕಡಿದದ್ದು, ಎಲ್ಲ ಹೋಯಿತು. ಕಾಡಸಿದ್ದಪ್ಪನ ಕೆಲವೇ ಚೀಲಗಳಿಗೆ ಕೊಟ್ಟ ಹೆಚ್ಚಿನ ಹಣ ಅದರ ಮುಂದೆ ಯಾವ ಲೆಕ್ಕಕ್ಕೂ ಇರಲಿಲ್ಲ.

"ನಮ್ಮ ಮಿರಜದ ಬುದ್ಧಿ" ಎಂದರು ಗುರುಬಸಪ್ಪ.

"ನಮ್ಮ ಸಾಂಗಲಿ ಯಾರ್ಡಿನ್ಯಾಗ ನಡೀತದ ಅಂಥಾ ಬುದ್ಧಿ" ಎಂದರು ರೇವಪ್ಪ. "ಮುಂಜಾನಿ ಕಾಲ ಮುಟ್ಟಲಿಲ್ಲ ಅಂತ ಸಿಟ್ಟ ಬಂದಿತ್ತು. ತಲಿಯೊಳಗ ಅಷ್ಟ ದೊಡ್ಡ ವಿಚಾರ ಇಟಗೊಂಡವಾ ಯಾಕ ಬಗ್ಗತಾನ?"

"ಕೇಳಿದರೂ ಬಾಯಿ ಬಿಡಲಿಲ್ಲ ನೋಡ್ರಿ. ನಮಗೂ ಹೇಳಲಿಲ್ಲ."

"ದಿವಾಣಜಿ ಅಂದ್ರ ಹಿಂಗ ಇರಬೇಕು."

ನೀಲಾಬಾಯಿ ಮನೆಯಿಂದ ಹೊಸ ಗಾದಿ ತರಿಸಿದರು. ಅಳಿಯ ದೀಪಾವಳಿಗೆ ಬಂದರೆ ಹಾಸಲೆಂದು ಮಾಡಿಸಿದ್ದು, ಅಚ್ಚ ಬೂರುಗದ ಹತ್ತಿ, ಇನ್ನೂ ಯಾರೂ ಮೈ ಚಾಚಿರಲಿಲ್ಲ. ಅದನ್ನು ಇಳಿಜಾರಿನ ಮೇಲೆ ಹಾಸಿ, ಎರಡು ಮಗ್ಗುಲಿಗೆ ಎರಡು ಲೋಡು ಇಟ್ಟರು. ಇನ್ನು ಮುಂದೆ ಜ್ಯೋತೆಪ್ಪ ದೊಡ್ಡ ದಿವಾಣಜಿ, ಬೆಳಗಿನಿಂದ ದೀಪ ಹಚ್ಚುವವರೆಗೆ ಅವನ ಜಾಗ ಇದು, ಹೊರಗಿನ ಓಡಾಟವೆಲ್ಲ ಬೇರೆಯವರದು ಎಂದು ಇಬ್ಬರೂ ಸಾರಿದರು. ಒಬ್ಬೊಬ್ಬರು ಒಂದೊಂದು ತೋಳು ಹಿಡಿದು, ಬಹಳ ಪ್ರೀತಿಯಿಂದ, ಅವನನ್ನು ಕೆಳಗೆ ಎಳೆದರು. ಗಾದಿ ಅವನನ್ನು ಸೊಂಟದವರೆಗೆ ನುಂಗಿತು. ಅವನ ಕಣ್ಣಲ್ಲಿ ನೀರು ಇಳಿಯಿತು.

"ಅಳಬ್ಯಾಡ ಮಾರಾಯಾ" ಎಂದರು ಗುರುಬಸಪ್ಪ, ತಮ್ಮ ಕಣ್ಣನ್ನೂ ಒರೆಸಿಕೊಂಡು. "ನೀ ಇದಕ್ಕ ಲಾಯಕ ಇದ್ದಿ."

ಸಾವಕಾರರು ಊಟಕ್ಕೆ ಎದ್ದುಹೋದ ಮೇಲೆ ಜ್ಯೋತೆಪ್ಪ ಮೆಲ್ಲನೆ ಕತ್ತು ತಿರುಗಿಸಿದ. ತಿರುಗುತ್ತಿದ್ದುದು ಅದೊಂದೇ. ಬಾಗಿಲ ಪಕ್ಕದಲ್ಲಿ ಹೊಸದೊಂದು ಸಾಗವಾನಿ ಮೇಜು. ಅದರ ಹಿಂದೆ ಎತ್ತರದ, ಗಟ್ಟಿಯಾದ, ನೆಟ್ಟಗಿನ ಬೆನ್ನಿನ ಕುರ್ಚಿಯಲ್ಲಿ ಬಾಳಪ್ಪ ಕೂತಿದ್ದ. ಪಾಪ, ತನ್ನ ದೆಸೆಯಿಂದ ಅವನನ್ನು ಹೊರಗಿನವನ ಲೆಕ್ಕಕ್ಕೆ ಹಾಕಿದರಲ್ಲ ಎಂದು ಜ್ಯೋತೆಪ್ಪನ ಮನಸ್ಸು ಚುರ್ ಎಂದಿತು.

"ಬ್ಯಾಸರ ಮಾಡಕೋಬ್ಯಾಡ್ರಿ ಬಾಳಪ್ಪ" ಎಂದ. "ಸಾವ್ಕಾರ್ರಿಗೆ ನಾ ಹೇಳ್ತೇನಿ. ಗಾದೀ ಮ್ಯಾಲ ನಿಮಗೂ ಜಾಗಾ..."

"ಅಯ್ಯ, ಬಿಡ್ರಿ ಅಣ್ಣ" ಎಂದು ಬಾಳಪ್ಪ ಗಾಬರಿಯಿಂದ ಅವನ ಮಾತು ತಡೆದ. ಆಚೀಚೆ ನೋಡಿ ದನಿ ಇಳಿಸಿದ. "ನಂದ ಬೆನ್ನೆಲುವಿನ ಮಣಕಾ ಸರದ ವರ್ಷ ಆತು. ಗಾದೀ ಮ್ಯಾಲ ಕುಂದರಾಕ ಆಗಾಂಗಿಲ್ಲ. ಮುಂಜಾನಿ ನಿಮ್ಮನ್ನ ಮೊದಲ ಕುಂದ್ರಿ ಅಂದೆನಲ್ಲ, ಅದಕ್ಕ. ನೀವ ಭುಜಾ ಹಿಡದ ಎದ್ದಿರಿ ನೋಡ್ರಿ, ಜೀವಾ ಹೋದಂಗಾತು. ನೀವ ಯಾರ್ಡಿಗೆ ಹೋದ ಮ್ಯಾಲ ಇನ್ನ ತಡೀಲಾರದ ಸಾವ್ಕಾರ್ರಿಗೆ ಹೇಳೇಬಿಟ್ಟೆ, ಬೆನ್ನ ಭಾಳ ತ್ರಾಸ ಅದರಿ, ಒಂದ ಕುರ್ಚಿ ಇದ್ರ ಛಲೋ ಆಗತಿತ್ತು ಅಂತ."

"ಏನಂದ್ರು?"

"ಏನ ಅಂತಾರ? 'ಇಷ್ಟ ದಿವಸ ಯಾಕ ಹೇಳಲಿಲ್ಲ' ಅಂತ ಬಯ್ದ್ರು. ಕುರ್ಚಿ ತರಿಸ್ಯಾರ, ಮೇಜೂ ತರಿಸ್ಯಾರ. ನೌಕರಿ ಹೋಗತೈತಿ ಅಂತ ಅಂಜಿದ್ದೆ. ಇಬ್ಬರೂ ದಿವಾಣಜಿ ಬೇಕ ಅಂತ ಹೋದ ತಿಂಗಳನ ಮಾತಾಗಿತ್ತಂತ." ಬಾಳಪ್ಪ ಕುರ್ಚಿಗೆ ಬೆನ್ನು ಕೊಟ್ಟು, ಸುಖವಾಗಿ ಉಸಿರು ಬಿಟ್ಟ. "ನಿಮ್ಮಂಗ ಗಟ್ಟಿ ಬೆನ್ನ ಇದ್ದವರ ಪುಣ್ಯಾ ಬ್ಯಾರೆ ಬಿಡ್ರಿ."

ಜ್ಯೋತೆಪ್ಪ ಆ ಕುರ್ಚಿಯನ್ನೊಮ್ಮೆ ನೋಡಿದ. ತನ್ನ ಬೆನ್ನಿನ ಬಗ್ಗೆ ಒಂದು ಮಾತು ಆಡಿದರೆ ಸಾಕಿತ್ತು. ಆ ಮಾತಿನ ಜೊತೆಗೆ ದೊಡ್ಡ ದಿವಾಣಜಿಯೂ, ಮಿರಜದ ಬುದ್ಧಿಯೂ, ಇಡೀ ಯಾರ್ಡನ್ನು ಓಡಿಸಿದ ಗುಟ್ಟೂ ಹೊರಟುಹೋಗುತ್ತಿದ್ದವು. ಒಳಗಿನಿಂದ ನೀಲಾಬಾಯಿ ಇನ್ನೊಂದು ಲೋಟ ಹುರುಳಿಕಟ್ಟು ತರುತ್ತಿದ್ದರು.

"ಛಲೋ ಆತು ಬಿಡ್ರಿ" ಎಂದ ಅವನು.

ಅರಿಶಿಣದ ಚೀಲಗಳ ಮೇಲೆ ತಾನು ಕೂತದ್ದು ಬೆನ್ನು ನೋವಿಗೆ ಎಂದು ಜ್ಯೋತೆಪ್ಪ ಆ ದಿನ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ.